ಮರಿಮೀನಿನ ಮೊದಲ ಮೂರು ದಿನ

ಬೆಳುವಾಯಿಯಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ನಡುವೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಗುಡ್ಡ, ಗದ್ದೆ, ತೋಟಗಳಿವೆ. ಆದರೂ ನನ್ನ ಬಾಲ್ಯದಲ್ಲಿ ಮಧ್ಯಾಹ್ನದ ಸಾರನ್ನು ನಿರ್ಧರಿಸುತ್ತಿದ್ದುದು ಕಡಲೇ. ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿ, ಹಾರ್ನ್ ಒತ್ತುತ್ತ ಮೀನಿನವರು ಬರುತ್ತಿದ್ದರು. ಕೆಲವು ವರ್ಷ ಬೂತಾಯಿ ಎಷ್ಟು ಅಗ್ಗವೆಂದರೆ ಉಳಿದದ್ದು ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಮತ್ತೆ ಕೆಲವು ವರ್ಷ ಬುಟ್ಟಿಯಲ್ಲಿ ಬೂತಾಯಿಯೇ ಇಲ್ಲ. ಯಾಕೆಂದು ಕೇಳಿದರೆ ‘ಕಡಲು ಕೊಡಲಿಲ್ಲ’ ಎಂಬ ಉತ್ತರ.

ಮೀನುಗಾರಿಕೆಯ ಮಾತುಕತೆಯನ್ನು ಪರದೆಯ ಮೇಲೆ ನೋಡಿದ ನಿಮಗೆ, ಅಲ್ಲಿ ಸಮಯ ಸಾಲದೆ ಬಿಟ್ಟುಹೋದ ಹಳೆಯ ಕತೆಯೊಂದನ್ನು ಇಲ್ಲಿ ಹೇಳಬೇಕಾಗಿದೆ.

ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಹಾಗೂ ಅವರ ಸಹೋದ್ಯೋಗಿ ನಾಯುಡು 1920ರ ದಶಕದಲ್ಲಿ ಬೂತಾಯಿಯ ಜೀವನಕ್ರಮವನ್ನು ಅಭ್ಯಸಿಸಿ ಬರೆದರು. ಅದಕ್ಕೆ ಸ್ವಲ್ಪ ಮೊದಲು, 1914ರಲ್ಲಿ, ನಾರ್ವೆಯ ಯೋಹಾನ್ ಯೋರ್ಟ್ ಎಂಬ ವಿಜ್ಞಾನಿ ಒಂದು ವಿಚಾರವನ್ನು ಮುಂದಿಟ್ಟಿದ್ದರು. ಒಂದು ವರ್ಷದ ಮೀನಿನ ಭಾಗ್ಯ ದೊಡ್ಡ ಮೀನುಗಳ ಸಂಖ್ಯೆಯನ್ನಷ್ಟೇ ಅವಲಂಬಿಸಿಲ್ಲ, ಮೊಟ್ಟೆಯಿಂದ ಹೊರಬಂದ ಮರಿಗೆ ಮೊದಲ ದಿನಗಳಲ್ಲಿ ಆಹಾರ ಸಿಕ್ಕಿತೇ ಎಂಬುದರ ಮೇಲೂ ನಿಂತಿದೆ ಎಂಬುದೇ ಆ ವಿಚಾರ.

ಬೂತಾಯಿಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಅದು ಮುಖ್ಯವಾಗಿ ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ನೀರಿನಲ್ಲಿ ತೇಲುವ ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ. ಮರಿಯ ಹೊಟ್ಟೆಯಡಿ ಅಂಟಿಕೊಂಡ ಬುತ್ತಿ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಆಮೇಲೆ ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬಾಯಿಯ ಹತ್ತಿರವೇ ಇರಬೇಕು. ಹುಡುಕಿಕೊಂಡು ಹೋಗುವ ಶಕ್ತಿ ಅದಕ್ಕಿಲ್ಲ. ಮುಂಗಾರಿನ ಗಾಳಿ ಮತ್ತು ಪ್ರವಾಹಗಳಿಂದ ಮೇಲಿನ ನೀರು ದಡದಿಂದಾಚೆ ಸರಿದಾಗ ಆಳದ ತಣ್ಣನೆಯ, ಪೋಷಕ ಲವಣಗಳುಳ್ಳ ನೀರು ಮೇಲೇರುತ್ತದೆ. ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಆದರೆ ಇದೇ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದು ಮಿತಿಮೀರಿ ದಡಕ್ಕೆ ಒತ್ತಿದರೆ ತೊಟ್ಟಿಲೇ ಉಸಿರುಗಟ್ಟಿಸುತ್ತದೆ. ನೀರು ಬಿಸಿಯಾದರೂ ಕಷ್ಟ, ಪ್ರವಾಹ ಮರಿಗಳನ್ನು ಆಹಾರವಿಲ್ಲದೆಡೆಗೆ ಒಯ್ದರೂ ಕಷ್ಟ. (ಇದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆಂದು ನನ್ನನ್ನು ಕೇಳಬೇಡಿ. ಮರಿ ಗಾಜಿನಷ್ಟು ಪಾರದರ್ಶಕ!)

1940ರ ದಶಕದಲ್ಲಿ ಬೂತಾಯಿ ಕೈಕೊಟ್ಟಿತು. ಎಣ್ಣೆ ಮತ್ತು ಗೊಬ್ಬರಕ್ಕಾಗಿ ಮರಿಗಳನ್ನೂ ಬಾಚಿದ್ದೇ ಕಾರಣವೆಂಬ ದೂರು ಎದ್ದಿತು. 1943ರಲ್ಲಿ ಮದರಾಸು ಸರಕಾರ ಎಳೆಯ ಮೀನು ಹಿಡಿಯುವುದಕ್ಕೂ ಕೆಲವು ಬಗೆಯ ಬಲೆಗಳಿಗೂ ನಿರ್ಬಂಧ ಹೇರಿತು. ಯುದ್ಧದ ಕಾಲ, ಅಕ್ಕಿಗೇ ಪಡಿತರ. ಅಂಥಲ್ಲಿ ಸಣ್ಣ ಕಣ್ಣಿನ ಬಲೆಯೊಂದೇ ಆಸ್ತಿಯಾಗಿದ್ದವರ ಪಾಡನ್ನು ನೀವೇ ಊಹಿಸಿ. ಕೆಲವು ವರ್ಷಗಳ ಬಳಿಕ ನಿರ್ಬಂಧ ಹೋಯಿತು, ಮೀನೂ ಮರಳಿತು. ಆದರೆ ಮರಳಿದ್ದು ಕಾನೂನಿನಿಂದಲೋ, ಕಡಲಿನ ಕೃಪೆಯಿಂದಲೋ? ಮರಿಯನ್ನು ಉಳಿಸಿದ್ದಕ್ಕೆ ಫಲ ಸಿಕ್ಕಿರಬಹುದು. ಆದರೂ ಹೆಚ್ಚಿನ ಪಾಲು ಕಡಲಿನದೇ ಎಂದು ನನ್ನ ಅಭಿಪ್ರಾಯ.

1947ರಲ್ಲಿ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಆರಂಭವಾದ ಮೇಲೆ ಈ ಪ್ರಶ್ನೆಗೆ ಹೊಸ ದಾರಿ ಸಿಕ್ಕಿತು. 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು ಫ್ರಾಜಿಲೇರಿಯಾ ಎಂಬ ಸೂಕ್ಷ್ಮ ಸಸ್ಯವನ್ನೇ ಬೂತಾಯಿಯ ಸಮೃದ್ಧಿಯ ಸೂಚಕವೆಂದು ತೋರಿಸಿದರು. ಬಲೆ ನೋಡುವ ಮೊದಲು ನೀರು ನೋಡಬೇಕೆಂಬ ಬುದ್ಧಿ ಅದು.

ಆ ಬುದ್ಧಿ ಇಂದಿಗೂ ಬೇಕು. ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿಗೆ ಹತ್ತಿರವಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಬಲೆಯೊಂದನ್ನೇ ದೂರಿದರೆ ಲೆಕ್ಕ ಹೊಂದುವುದಿಲ್ಲ. ನಡುವೆ 2015–16ರ ಪ್ರಬಲ ಎಲ್ ನಿನೋ ಬಂದುಹೋಗಿತ್ತು. ಹಾಗೆಂದು ಬಲೆ ನಿರಪರಾಧಿಯಲ್ಲ: ಸುಮಾರು 15 ಸೆಂಟಿಮೀಟರಿಗೆ ಪ್ರಾಯಕ್ಕೆ ಬರುವ ಮೀನನ್ನು ಅದರ ಅರ್ಧ ಉದ್ದದಲ್ಲೇ ಮೀನುಹಿಟ್ಟಿನ ಕಾರ್ಖಾನೆಗೆ ಸಾಗಿಸಿದರೆ, ಒಳ್ಳೆಯ ವರ್ಷದ ಮರಿಗಳೂ ಮುಂದಿನ ಮಳೆಗಾಲವನ್ನು ಕಾಣುವುದಿಲ್ಲ.

ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ದಿನಗಳಲ್ಲಿ ಬೆಳುವಾಯಿಯ ಮನೆಗಳಲ್ಲಿ ಒಣಮೀನಿನ ಚಟ್ನಿ. ಆಗಸ್ಟಿನ ಬಳಿಕ ಹಾರ್ನ್ ಮತ್ತೆ ಕೇಳುತ್ತದೆ. ಸೈಕಲ್ ಹೋಗಿ ಬೈಕ್ ಬಂದಿದೆ. ಬುಟ್ಟಿಯಲ್ಲಿ ಬೆರಳುದ್ದದ ಬೂತಾಯಿ ಕಂಡರೆ ಅಮ್ಮ, ‘ಇದನ್ನು ಯಾಕೆ ಹಿಡಿದದ್ದು ಮಾರಾಯ?’ ಎಂದು ಕೇಳುತ್ತಾರೆ. ಮೀನಿನವ ನಗುತ್ತಾನೆ, ಎರಡು ಹೆಚ್ಚಿಗೆ ಹಾಕುತ್ತಾನೆ.