ತೃಣಮಣಿಯೂ ಕಂಬಳಿಯ ಕಿಡಿಯೂ

ಮಾಘಮಾಸದ ರಾತ್ರಿಯಲ್ಲಿ ದೀಪವನ್ನಾರಿಸಿ, ಹೊದೆದ ಕರಿಯ ಕಂಬಳಿಯನ್ನು ಸರಕ್ಕನೆ ಸೆಳೆದರೆ, ಚಿಟಿಚಿಟಿ ಎಂಬ ಸದ್ದಿನೊಡನೆ ನೀಲಿಯ ಕಿಡಿಗಳು ಮಿನುಗಿ ಮಾಯವಾಗುವುವು. ನಮ್ಮ ಜವನಗೊಂಡನಹಳ್ಳಿಯ ಸೀಮೆಯಲ್ಲಿ ಇದನ್ನು ಕಾಣದ ಹಿರಿಯರು ವಿರಳ. ಚಳ್ಳಕೆರೆ, ಹಿರಿಯೂರುಗಳ ಸುತ್ತಣ ಕುರುಬರು ಕುರಿಯ ತುಪ್ಪಟವನ್ನು ನೂತು, ಹುಣಸೆಬೀಜದ ಗಂಜಿಯನ್ನು ಹಾಸಿಗೆ ಬಳಿದು ನೆಯ್ದ ಕಂಬಳಿಯು ಮನೆಮನೆಯಲ್ಲಿಯೂ ಇದ್ದಿತು. ಈ ಕಿಡಿಯನ್ನು ಕಂಡ ನಮ್ಮಜ್ಜಿಯವರು, “ಕಂಬಳಿಯಲ್ಲಿ ದೇವರಿದ್ದಾನೆ, ಕಾಲು ಸೋಕಿಸಬೇಡವೋ” ಎನ್ನುತ್ತಿದ್ದರು. ಗದ್ದಿಗೆಗೆ ಕಂಬಳಿಯನ್ನು ಹಾಸುವ ನಾಡಿನಲ್ಲಿ ಈ ಮಾತು ಸಹಜವೇ ಸರಿ.

ಮುಂದೆ ನಾನು ಪಾಠಶಾಲೆಯಲ್ಲಿದ್ದಾಗ, ನಸುಕಿನಲ್ಲಿ ಮಡಿಯ ಧಾಬಳಿಯನ್ನು ಬಿಚ್ಚುವ ಸಮಯದಲ್ಲಿಯೂ ಅದೇ ಸದ್ದು, ಅದೇ ಕಿಡಿ. ಕಾರಣವೇನೆಂದು ಗುರುಗಳನ್ನು ಕೇಳಿದೆನು. ಅವರು ಮುಗುಳ್ನಕ್ಕು, “ಅದೃಷ್ಟಕಾರಿತವಪ್ಪಾ” ಎಂದರು. ಅವರ ಮಾತು ನಿರಾಧಾರವಾದುದಲ್ಲ. ಕಣಾದಮಹರ್ಷಿಗಳ ವೈಶೇಷಿಕಸೂತ್ರದಲ್ಲಿ ಮಣಿಯ ಚಲನೆಗೂ, ಸೂಜಿಯು ಅಯಸ್ಕಾಂತದತ್ತ ಸರಿಯುವುದಕ್ಕೂ ಅದೃಷ್ಟವೇ ಕಾರಣವೆಂದಿದೆ. ಉಪಸ್ಕಾರವೆಂಬ ವ್ಯಾಖ್ಯಾನವನ್ನು ಬರೆದ ಶಂಕರಮಿಶ್ರರು, ತೃಣಕಾಂತದ ಕಡೆಗೆ ಹುಲ್ಲುಕಡ್ಡಿಯು ಸರಿಯುವುದನ್ನೂ ಇದೇ ವರ್ಗಕ್ಕೆ ಸೇರಿಸಿರುವರು. ತೃಣಕಾಂತ, ತೃಣಮಣಿ, ತೃಣಗ್ರಾಹಿ ಎಂಬಿವೆಲ್ಲ ಒಂದೇ ವಸ್ತುವಿನ ಹೆಸರುಗಳು: ಮರದ ಅಂಟು ಕೋಟ್ಯಂತರ ವರ್ಷಗಳ ಕಾಲ ಭೂಗರ್ಭದಲ್ಲಿದ್ದು ಗಟ್ಟಿಯಾಗಿ ಆದ ಹಳದಿಯ ಮಣಿ. ಬಟ್ಟೆಯ ಮೇಲೆ ಉಜ್ಜಿದರೆ ಇದು ಹುಲ್ಲನ್ನು ಸೆಳೆಯುವುದು. ಹೆಸರೇ ಗುಣವನ್ನು ಹೇಳುತ್ತಿರುವುದರಿಂದ ನಮ್ಮ ಪೂರ್ವಿಕರು ಇದನ್ನು ಕಣ್ಣಾರೆ ಕಂಡಿದ್ದರೆಂಬುದರಲ್ಲಿ ಸಂಶಯವಿಲ್ಲ.

ಉತ್ತರವನ್ನು ಕೇಳಿ ನಾನು ತೃಪ್ತನಾದೆನು. ಎಷ್ಟೋ ವರ್ಷಗಳ ಮೇಲೆ ನಾನೇ ಉಪಾಧ್ಯಾಯನಾಗಿದ್ದಾಗ ಒಬ್ಬ ಹುಡುಗನು ಇದೇ ಪ್ರಶ್ನೆಯನ್ನು ನನಗೆ ಹಾಕಿದನು. ನಾನೂ ಕಣಾದರ ಉತ್ತರವನ್ನೇ ಹೇಳಿದೆನು. ಅವನು ತಲೆಯನ್ನು ಕೆರೆದುಕೊಂಡು, “ಅದೃಷ್ಟ ಅಂದರೆ ಕಾಣದ್ದು ತಾನೆ ಮೇಷ್ಟ್ರೆ? ಕಾಣದಿದ್ದರೆ ಹುಡುಕಬಾರದೆ?” ಎಂದನು. ಆ ದಿನ ನನ್ನಲ್ಲಿ ಮಾತಿರಲಿಲ್ಲ. ಹುಡುಕಿದವರ ಕಥೆಯನ್ನು ಓದತೊಡಗಿದುದು ಆಮೇಲೆ.

ಗ್ರೀಕರ ಥೇಲೀಸನು ಕ್ರಿ. ಪೂ. 600ರ ಸುಮಾರಿನಲ್ಲಿಯೇ ತೃಣಮಣಿಯ ಗುಣವನ್ನು ಬಲ್ಲವನಾಗಿದ್ದನೆಂದು ಪ್ರತೀತಿ. ಆತನಿಗೂ ಕಾರಣವು ಅದೃಷ್ಟವೇ ಆಗಿತ್ತು; ಮಣಿಯಲ್ಲಿ ಆತ್ಮವಿದೆಯೆಂದು ತಿಳಿದನಂತೆ. ನಮ್ಮಜ್ಜಿಯವರ ಮಾತಿಗೂ ಇದಕ್ಕೂ ಬಹಳ ದೂರವಿಲ್ಲ. ಎರಡು ಸಾವಿರ ವರ್ಷಗಳ ತರುವಾಯ, 1600ರಲ್ಲಿ, ಆಂಗ್ಲ ವೈದ್ಯನಾದ ಗಿಲ್ಬರ್ಟನು ಗಾಜು, ಗಂಧಕ, ಅರಗು ಮೊದಲಾದುವನ್ನೂ ಒಂದೊಂದಾಗಿ ಉಜ್ಜಿ ನೋಡಿ, ಈ ಗುಣವು ಒಂದು ಮಣಿಯ ಸೊತ್ತಲ್ಲವೆಂದೂ, ಅಯಸ್ಕಾಂತದ ಸೆಳೆತವು ಬೇರೆ, ಇದು ಬೇರೆ ಎಂದೂ ತೋರಿಸಿದನು. ತೃಣಮಣಿಗೆ ಗ್ರೀಕರಲ್ಲಿ ಎಲೆಕ್ಟ್ರಾನ್ ಎಂದು ಹೆಸರು. ಎಲೆಕ್ಟ್ರಿಸಿಟಿ ಎಂಬ ಪದವು ಅದರಿಂದಲೇ ಹುಟ್ಟಿತು.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದುದು ಸ್ಟೀಫನ್ ಗ್ರೇ ಎಂಬಾತನ ವೃತ್ತಾಂತ. 1729ರಲ್ಲಿ ಆತನು ಉಜ್ಜಿದ ಗಾಜಿನ ಕೊಳವೆಯ ಶಕ್ತಿಯನ್ನು ಉದ್ದವಾದ ಹುರಿಯ ಮೂಲಕ ದೂರಕ್ಕೆ ಸಾಗಿಸಲು ಯತ್ನಿಸುತ್ತಿದ್ದನು. ಹುರಿಯನ್ನು ರೇಷ್ಮೆಯ ದಾರಗಳಿಂದ ತೂಗುಹಾಕಿದಾಗ ಶಕ್ತಿಯು ಸಾಗಿತು. ದಾರವು ಕಿತ್ತುಹೋಗಲು, ತೆಳ್ಳಗಿನ ಹಿತ್ತಾಳೆಯ ತಂತಿಯನ್ನು ಕಟ್ಟಿದನು, ಶಕ್ತಿಯೆಲ್ಲ ಸೋರಿಹೋಯಿತು. ತೆಳುವಾಗಿರುವುದರಿಂದಲ್ಲ, ರೇಷ್ಮೆಯಾಗಿರುವುದರಿಂದಲೇ ಅದು ತಡೆಯಿತೆಂದು ಹೀಗೆ ಗೊತ್ತಾಯಿತು. ಬಳಿಕ ಆತನು ಬಾಲಕನೊಬ್ಬನನ್ನು ಹಗ್ಗಗಳಿಂದ ಅಡ್ಡಡ್ಡಲಾಗಿ ತೂಗುಹಾಕಿ, ಉಜ್ಜಿದ ಗಾಜನ್ನು ಹತ್ತಿರ ಹಿಡಿಯಲು, ಲೋಹದ ತೆಳುತಗಡಿನ ಚೂರುಗಳು ಹುಡುಗನ ಕೈಗೂ ಮುಖಕ್ಕೂ ಹಾರಿದುವು. ಮನುಷ್ಯದೇಹವೂ ಈ ಶಕ್ತಿಗೆ ಒಂದು ಪಾತ್ರೆಯೆಂಬುದು ಅಂದು ವ್ಯಕ್ತವಾಯಿತು. ಪಟ್ಟೆಯನ್ನೂ ಧಾಬಳಿಯನ್ನೂ ನಿತ್ಯವೂ ಉಟ್ಟ ನಮ್ಮಲ್ಲಿ ಒಬ್ಬರಾದರೂ ಅವುಗಳ ಬದಲಿಗೆ ಒಂದು ತಂತಿಯನ್ನು ಕಟ್ಟಿ ನೋಡಲಿಲ್ಲವಲ್ಲಾ ಎಂದು ಇದನ್ನು ಓದಿದಾಗ ನನಗೆ ವ್ಯಥೆಯಾಯಿತು.

1733ರಲ್ಲಿ ಫ್ರಾನ್ಸಿನ ಡ್ಯು ಫೇ ಎಂಬಾತನು ಈ ವಿದ್ಯುತ್ತು ಎರಡು ಬಗೆಯೆಂದೂ, ಸಜಾತೀಯಗಳು ತಳ್ಳುವುವು, ವಿಜಾತೀಯಗಳು ಸೆಳೆಯುವುವು ಎಂದೂ ಕಂಡನು. 1745-46ರಲ್ಲಿ ವಿದ್ಯುತ್ತನ್ನು ಕೂಡಿಡುವ ಲೈಡನ್ ಜಾಡಿಯು ಸಿದ್ಧವಾಯಿತು. ನೊಲೆ ಎಂಬ ಪಾದ್ರಿಯು ಫ್ರಾನ್ಸಿನ ದೊರೆಯ ಮುಂದೆ 180 ಮಂದಿ ಸಿಪಾಯಿಗಳನ್ನು ಕೈಕೈ ಹಿಡಿಸಿ ನಿಲ್ಲಿಸಿ ಆ ಜಾಡಿಯನ್ನು ಮುಟ್ಟಿಸಲು, ಎಲ್ಲರೂ ಏಕಕಾಲದಲ್ಲಿ ನೆಗೆದರಂತೆ. 1752ರಲ್ಲಿ ಫ್ರಾಂಕ್ಲಿನನು ಗಾಳಿಪಟದ ಪ್ರಯೋಗದಿಂದ ಆಕಾಶದ ಸಿಡಿಲೂ ಈ ಕಿಡಿಯೂ ಒಂದೇ ಎಂಬುದನ್ನು ಸ್ಥಾಪಿಸಿದನು. 1897ರಲ್ಲಿ ಥಾಮ್ಸನ್ನನು ಋಣವಿದ್ಯುತ್ತಿನ ಕಣವನ್ನು ಪತ್ತೆಮಾಡಿದನು. ಆ ಕಣಕ್ಕೆ ನಿಂತ ಹೆಸರೂ ತೃಣಮಣಿಯದೇ. ಕಣಾದರ ನಾಡಿನವರಿಗೆ ಇದು ಹಿತವಾದ ಕಾಕತಾಳೀಯ.

ಎರಡು ವಸ್ತುಗಳು ಸೋಕಿ ಅಗಲಿದಾಗ ಒಂದರ ವಿದ್ಯುತ್ಕಣಗಳು ಮತ್ತೊಂದಕ್ಕೆ ದಾಟುವುವು. ಗಾಳಿಯು ತೇವವಾಗಿದ್ದರೆ ಅವು ಮೆಲ್ಲನೆ ಸೋರಿಹೋಗುವುವು. ಒಣಗಿದ್ದರೆ ನಿಂತು ಸೇರುವುವು. ಮಲೆನಾಡಿನ ಮಳೆಯ ಮರೆಯಲ್ಲಿರುವ ನಮ್ಮ ಬಯಲುಸೀಮೆಯಲ್ಲಿ ಮಾಗಿಯಿಂದ ಬೇಸಗೆಯವರೆಗೆ ಕಿಡಿಯು ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ. ಕಂಬಳಿಯು ಅಪರೂಪವಾದ ಇಂದಿನ ಮನೆಗಳಲ್ಲಿ ನೈಲಾನು, ಪಾಲಿಯೆಸ್ಟರು, ಪ್ಲಾಸ್ಟಿಕ್ಕಿನ ಕುರ್ಚಿಗಳು ಅದರ ಕೆಲಸವನ್ನು ಕೈಕೊಂಡಿವೆ. ಕುರ್ಚಿಯಿಂದೆದ್ದು ಬಾಗಿಲ ಚಿಲಕವನ್ನು ಮುಟ್ಟಿದೊಡನೆ ಜುಮ್ಮೆನ್ನುವುದು ಆ ಕಣಗಳು ಮರಳಿ ನೆಲಕ್ಕೆ ಹರಿಯುವ ಕ್ಷಣ.

ಈ ಜುಮ್ಮೆನ್ನುವಿಕೆಯನ್ನು ಕೇವಲ ವಿನೋದವೆಂದು ಭಾವಿಸಲಾಗದು. ಅದು ನಮಗೆ ತಿಳಿಯಬೇಕಾದರೆ ದೇಹದಲ್ಲಿ ಸುಮಾರು 3,000 ವೋಲ್ಟುಗಳು ಸೇರಿರಬೇಕು. ಶಕ್ತಿಯ ಮೊತ್ತವು ಅತ್ಯಲ್ಪವಾದುದರಿಂದ ನಮಗೆ ಅಪಾಯವಿಲ್ಲ. ಆದರೆ ಪೆಟ್ರೋಲಿನ ಆವಿಯನ್ನು ಹೊತ್ತಿಸಲು ಅಷ್ಟೂ ಬೇಕಾಗಿಲ್ಲ. ನಮ್ಮೂರು ಹೆದ್ದಾರಿಯ ಮೇಲಿರುವುದು; ತೋಟದ ಯಂತ್ರಕ್ಕೆಂದು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಪೆಟ್ರೋಲನ್ನು ತುಂಬಿಸಿಕೊಳ್ಳುವವರನ್ನು ನೋಡಿದಾಗ ನನಗೆ ಕಂಬಳಿಯ ಕಿಡಿಯ ನೆನಪಾಗುವುದು. ಯೋಗ್ಯವಾದ ಲೋಹದ ಡಬ್ಬಿಯನ್ನು ನೆಲದ ಮೇಲಿಟ್ಟು, ಕೊಳವೆಯ ತುದಿಯನ್ನು ಅದಕ್ಕೆ ತಾಗಿಸಿಯೇ ತುಂಬಿಸಬೇಕು. ವಾಹನದಿಂದಿಳಿದವರು ಮೊದಲು ದೂರದಲ್ಲಿ ಲೋಹವೊಂದನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಳ್ಳಬೇಕು.

ಅಗಸ್ತ್ಯರ ಹೆಸರಿನ ಕೆಲವು ಶ್ಲೋಕಗಳನ್ನು ಹಿಡಿದು, ನಮ್ಮವರು ವಿದ್ಯುತ್ಕೋಶವನ್ನೇ ಮಾಡಿದ್ದರೆಂದು ಹೇಳುವವರುಂಟು. ಆ ಶ್ಲೋಕಗಳ ಪ್ರಾಚೀನತ್ವವು ಸಿದ್ಧವಾಗಿಲ್ಲ. ಸಂಸ್ಕೃತವನ್ನೇ ಉಂಡು ಬೆಳೆದ ನನಗೆ ಇದನ್ನು ಬರೆಯಲು ಸಂಕೋಚವಿಲ್ಲ. ಕಂಡುದನ್ನು ಕಂಡಂತೆ ಹೇಳಿ, ಕಾಣದುದನ್ನು ಅದೃಷ್ಟವೆಂದು ಒಪ್ಪಿಕೊಂಡ ಕಣಾದರ ಪ್ರಾಮಾಣಿಕತೆಯೇ ನಮಗೆ ಸಾಕಾದಷ್ಟು ದೊಡ್ಡ ಆಸ್ತಿ. ದೋಷವಿದ್ದುದು ಅವರ ಮಾತಿನಲ್ಲಲ್ಲ, ಅದನ್ನು ಕೊನೆಯ ಮಾತೆಂದು ತಿಳಿದ ನಮ್ಮಲ್ಲಿ.

ಉಜ್ಜಿದಾಗ ದಾಟುವುದು ವಿದ್ಯುತ್ಕಣಗಳು ಮಾತ್ರವೆ, ಅಥವಾ ವಸ್ತುವಿನ ಸೂಕ್ಷ್ಮವಾದ ಚೂರುಗಳೂ ಅಯಾನುಗಳೂ ಕೂಡಿವೆಯೆ ಎಂಬ ಚರ್ಚೆಯು ವಿಜ್ಞಾನಿಗಳಲ್ಲಿ ಇಂದಿಗೂ ಮುಗಿದಿಲ್ಲ. ಅದೃಷ್ಟವು ಇನ್ನೂ ಸ್ವಲ್ಪ ಉಳಿದಿದೆ. ಮನೆಯ ಮಗುವೊಂದು ಕಂಬಳಿಯ ಕಿಡಿಯನ್ನು ಕಂಡು ಪ್ರಶ್ನೆ ಕೇಳಿದರೆ, ವಾಚಕರು ನನ್ನಂತೆ ಉತ್ತರವನ್ನು ಹೇಳಿ ಮುಗಿಸದೆ, ದೀಪವನ್ನಾರಿಸಿ ಮತ್ತೊಮ್ಮೆ ಎಳೆದು ತೋರಿಸಲಿ.