ಗ್ರಂಥವನ್ನು ಹೊತ್ತು ನಡೆದ ಗ್ರಂಥಕರ್ತರು: ಗಳಗನಾಥರು

ಗ್ರಂಥವನ್ನು ರಚಿಸುವುದು ಒಂದು ಕಾರ್ಯ. ಅದನ್ನೋದತಕ್ಕ ಜನರನ್ನು ಸಿದ್ಧಗೊಳಿಸುವುದು ಮತ್ತೊಂದು ಕಾರ್ಯ. ಇವೆರಡನ್ನೂ ಏಕಕಾಲದಲ್ಲಿ ನಿರ್ವಹಿಸಿದ ಮಹನೀಯರು ವಿರಳ. ಅಂತಹವರಲ್ಲಿ ‘ಗಳಗನಾಥ’ರೆಂದು ಪ್ರಖ್ಯಾತರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಅಗ್ರಗಣ್ಯರು.

ಹಾವೇರಿ ಸೀಮೆಯ ಗಳಗನಾಥ ಗ್ರಾಮವು ಇವರ ಜನ್ಮಸ್ಥಳ. ಮೊದಲಿನ ವೃತ್ತಿಯು ಉಪಾಧ್ಯಾಯರದು. ಆ ಪ್ರಾಂತವು ಅಂದು ಮುಂಬಯಿ ಆಧಿಪತ್ಯಕ್ಕೊಳಪಟ್ಟಿದ್ದು, ವಿದ್ಯಾವಂತರಲ್ಲಿ ಮರಾಠಿಯ ಪ್ರಾಬಲ್ಯವು ಅಧಿಕವಾಗಿದ್ದಿತು. ಮನೆಯಲ್ಲಿ ಕನ್ನಡವನ್ನಾಡುವವರೂ ಓದಿಗಾಗಿ ಮರಾಠಿಯನ್ನೇ ಆಶ್ರಯಿಸುತ್ತಿದ್ದರು. ಈ ನ್ಯೂನತೆಯನ್ನು ನೀಗಲೆಂದು 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಗಳಗನಾಥರ ‘ಪ್ರಬುದ್ಧ ಪದ್ಮನಯನೆ’ ಕಾದಂಬರಿಯು ಆ ಸಂಘದ ಬಹುಮಾನವನ್ನು ಪಡೆಯಿತು.

1907ರಲ್ಲಿ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯು ಹೊರಟಿತು. ಅದರ ಸಂಪಾದಕತ್ವವನ್ನು ವಹಿಸಿದ ಗಳಗನಾಥರು ನೀತಿಬೋಧೆಯೊಡನೆ ಕಾದಂಬರಿಯನ್ನೂ ಮನೆಮನೆಗೆ ಮುಟ್ಟಿಸಿದರು. ಮುಂದೆ ‘ಸದ್ಗುರು’ ಪತ್ರಿಕೆಯನ್ನೂ ನಡೆಸಿದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಅವರು ಕನ್ನಡಿಸಿದ್ದು ಎರವಲೆಂದು ಆಕ್ಷೇಪಿಸುವವರುಂಟು. ಆದರೆ ಮರಾಠಿಯತ್ತ ಹೊರಟಿದ್ದ ವಾಚಕನನ್ನು ಮರಳಿ ಕನ್ನಡಕ್ಕೆ ಕರೆತಂದುದು ಆ ಎರವಲೇ ಎಂಬುದನ್ನು ಮರೆಯಲಾಗದು.

ವಿಜಯನಗರದ ಸ್ಥಾಪನೆಯನ್ನು ಅವರ ‘ಮಾಧವ ಕರುಣಾವಿಲಾಸ’ವೂ, ಅದರ ಪತನವನ್ನು ‘ಕನ್ನಡಿಗರ ಕರ್ಮಕಥೆ’ಯೂ ವರ್ಣಿಸುತ್ತವೆ. ಬೆಂಗಳೂರಿನ ಪಶ್ಚಿಮಭಾಗದ ವಿಜಯನಗರದಲ್ಲಿ ವಾಸಿಸುತ್ತ ದಿನವೂ ಆ ಹೆಸರನ್ನು ಉಚ್ಚರಿಸುವ ನಮ್ಮ ಸದ್ಭಕ್ತರು ಈ ಎರಡು ಗ್ರಂಥಗಳನ್ನು ಅವಶ್ಯವಾಗಿ ಓದತಕ್ಕದ್ದು.

ಅಚ್ಚಾದ ಪುಸ್ತಕಗಳು ಮಾರಾಟವಾಗಬೇಕಷ್ಟೆ. ಗಳಗನಾಥರು ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಗ್ರಂಥಕರ್ತನ ಗೌರವಕ್ಕೆ ಇದರಿಂದ ಕುಂದುಂಟಾಗುವುದೆಂದು ಅವರು ಬಗೆಯಲಿಲ್ಲ.

ಇದೇ ಕಾಲದಲ್ಲಿ ವಿಜಾಪುರದ ಫ. ಗು. ಹಳಕಟ್ಟಿಯವರು (1880–1964) ‘ವಚನಶಾಸ್ತ್ರಸಾರ’ವನ್ನು ಸಂಪಾದಿಸಿ, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಒಬ್ಬರದು ಕಾದಂಬರಿ, ಮತ್ತೊಬ್ಬರದು ವಚನ. ಆದರೆ ಇಬ್ಬರ ವ್ರತವೂ ಒಂದೇ. ಶರಣರ ಮಾತಿನಲ್ಲಿ ಹೇಳುವುದಾದರೆ, ಬರೆಯುವುದು ಕಾಯಕ, ಬರೆದುದನ್ನು ಜನರಿಗೆ ಮುಟ್ಟಿಸುವುದು ದಾಸೋಹ.

ಮಠಗಳು ಇಂದು ಅನೇಕ ಗ್ರಂಥಗಳನ್ನು ಪ್ರಕಟಿಸುತ್ತಿವೆ. ಲೋಕಾರ್ಪಣೆಯ ದಿನ ಪುಷ್ಪಮಾಲೆ ಧರಿಸಿದ ಗ್ರಂಥವು ಮರುದಿನ ಕಪಾಟನ್ನು ಸೇರಿದರೆ, ಕಾಯಕವು ನಡೆದು ದಾಸೋಹವು ಉಳಿದಂತಾಯಿತು. ಗಂಟನ್ನು ಹೊರತಕ್ಕ ಹೆಗಲುಗಳು ಇನ್ನೂ ಬೇಕಾಗಿವೆ.