ಭಾರತದಲ್ಲಿ ಆನ್‌ಲೈನ್ ನಾಗರಿಕ ಚರ್ಚೆ

ಪಕ್ಷದ ಪದಾಧಿಕಾರಿಗಳೂ ಅಲ್ಲದ, ಪತ್ರಿಕೋದ್ಯಮವನ್ನು ವೃತ್ತಿಯಾಗಿ ಹಿಡಿದವರೂ ಅಲ್ಲದ ಸಾಮಾನ್ಯ ಜನರು ಸರಕಾರದ ನೀತಿ, ಕಾಯಿದೆ, ಯೋಜನೆಗಳನ್ನು ಕುರಿತು ಅಂತರಜಾಲದಲ್ಲಿ ನಡೆಸುತ್ತ ಬಂದಿರುವ ವಾದ-ಸಂವಾದ. ಇದು ಯಾವಾಗ ಹುಟ್ಟಿತೆಂಬ ಬಗ್ಗೆ ಬರಹಗಳಲ್ಲಿ ಒಮ್ಮತವಿಲ್ಲ. 2011ರಲ್ಲಿ ಅಣ್ಣಾ ಹಜಾರೆ ದೆಹಲಿಯಲ್ಲಿ ಉಪವಾಸ ಕೂತಾಗ ಶುರುವಾಯಿತೆಂದು ಹೇಳುವವರು ಬಹಳ. ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರಜಾಲ ಸಂಪರ್ಕ ತೆರೆದ 1995ರ ಆಗಸ್ಟ್ 15ರಿಂದ ಲೆಕ್ಕ ಹಿಡಿಯುವವರೂ ಇದ್ದಾರೆ. ಉಳಿದಿರುವ ದಾಖಲೆ ಮಾತ್ರ ಈ ಎರಡಕ್ಕಿಂತಲೂ ಹಳೆಯದು. 1980ರ ದಶಕದ ಉತ್ತರಾರ್ಧದಲ್ಲಿಯೇ ಯೂಸ್‌ನೆಟ್ ಜಾಲದಲ್ಲಿ ಭಾರತೀಯರಿಗೆಂದು ಒಂದು ಚರ್ಚಾಗುಂಪು ಇತ್ತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದ, ದುಡಿಯುತ್ತಿದ್ದ ಭಾರತೀಯರು ಮಂಡಲ್ ವರದಿಯ ಜಾರಿ, ಬಾಬರಿ ಮಸೀದಿಯ ಧ್ವಂಸ, ಆರ್ಥಿಕ ಉದಾರೀಕರಣಗಳ ಬಗ್ಗೆ ಅಲ್ಲಿ ಪುಟಗಟ್ಟಲೆ ಜಗಳವಾಡಿದರು. ಊರಿನ ಸುದ್ದಿ ಬೇಗ ತಲುಪದ ಕಾಲದಲ್ಲಿ ಊರಿನ ರಾಜಕೀಯವನ್ನು ದೂರದಿಂದ ವಾದಿಸಿದವರು ಇವರು. ದೇಶದೊಳಗೆ ಈ ಸೌಲಭ್ಯ ದಕ್ಕಿದ್ದು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ, ಎರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲಕ್ಕೆ ಸೇರಿದ ಬೆರಳೆಣಿಕೆಯ ಸಂಸ್ಥೆಗಳಿಗೆ ಮಾತ್ರ.

ಈ ವಿಷಯದ ಇತಿಹಾಸ ಬರೆಯುವವರಿಗೆ ಎದುರಾಗುವ ದೊಡ್ಡ ತೊಡಕು ಆಕರಗಳದ್ದು. ಯೂಸ್‌ನೆಟ್ಟಿನ ಬಹುಪಾಲು ಹಳೆಯ ಪತ್ರಗಳನ್ನು ಗೂಗಲ್ 2001ರಲ್ಲಿ ಒಟ್ಟುಗೂಡಿಸಿದ ಸಂಗ್ರಹ ಕಾಪಾಡಿತು. ಅದಾದ ಮೇಲಿನ ದಶಕದ ಚರ್ಚೆಗೆ ಅಂಥ ಅದೃಷ್ಟವಿರಲಿಲ್ಲ. 2004ರ ನಂತರ ಭಾರತದ ನಗರಗಳ ಯುವಜನ ಮುಗಿಬಿದ್ದು ಸೇರಿದ್ದು ಆರ್ಕುಟ್‌ಗೆ. ಮೀಸಲಾತಿ, ಕಾವೇರಿ, ಗಡಿ ವಿವಾದ ಎಲ್ಲವೂ ಅಲ್ಲಿನ ಸಮುದಾಯ ಪುಟಗಳಲ್ಲಿ ಚರ್ಚೆಗೆ ಬಂದವು. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು; ಕೆಲಕಾಲ ಉಳಿಸಿಟ್ಟಿದ್ದ ಸಮುದಾಯಗಳ ಸಂಗ್ರಹವೂ ಮುಂದೆ ಕಣ್ಮರೆಯಾಯಿತು. ವಾಟ್ಸ್ಆ್ಯಪ್ ಗುಂಪುಗಳು ಮೊದಲಿನಿಂದಲೇ ಹೊರಗಿನವರಿಗೆ ಮುಚ್ಚಿದ ಬಾಗಿಲು. ಹೀಗಾಗಿ ಸಾವಿರಾರು ಜನ ಮಾತಾಡಿದ ಕಾಲದ ದಾಖಲೆ ದಟ್ಟವಾಗಿದೆ, ಕೋಟ್ಯಂತರ ಜನ ಮಾತಾಡಿದ ಕಾಲದ್ದು ತೆಳು. ಇಂಗ್ಲಿಷ್ ಬಲ್ಲ ವಲಸಿಗರ ಚರ್ಚೆಗೆ ಇತಿಹಾಸದಲ್ಲಿ ಅಳತೆ ಮೀರಿದ ಜಾಗ ಸಿಕ್ಕಿರುವುದಕ್ಕೆ ಇದೂ ಒಂದು ಕಾರಣ.

ಕನ್ನಡದಲ್ಲಿ ಚರ್ಚೆ ತಡವಾಗಿ ಬೇರೂರಿದ್ದಕ್ಕೆ ಕಾರಣ ಆಸಕ್ತಿಯ ಕೊರತೆಯಲ್ಲ, ಅಕ್ಷರದ ತೊಡಕು. 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಜೊತೆಯಾಯಿತು. ಆದರೆ ಒಬ್ಬರು ಒಂದು ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದವರ ಗಣಕದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಮಿಂಚಂಚೆ ಗುಂಪುಗಳಲ್ಲಿ ಜನ ಕನ್ನಡವನ್ನು ರೋಮನ್ ಲಿಪಿಯಲ್ಲಿ ಬರೆದು ಕೆಲಸ ಸಾಗಿಸಿದರು. ಯೂನಿಕೋಡ್ ಬಳಕೆಗೆ ಬಂದ ಮೇಲೆ, 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ‘ಸಂಪದ’ ಶುರುವಾದವು, ಬ್ಲಾಗುಗಳೂ ಹೆಚ್ಚಿದವು. ಕರ್ನಾಟಕದ ನೀತಿಗಳನ್ನು ಕನ್ನಡದಲ್ಲಿಯೇ, ಎಲ್ಲರೂ ಓದುವಂತೆ ಚರ್ಚಿಸಲು ಆಗ ಜಾಗ ಸಿಕ್ಕಿತು. ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಮೂಡಲು ಇನ್ನೂ ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಊರು-ಹಳ್ಳಿಗಳ ಬಹುಪಾಲು ಕನ್ನಡಿಗರು ಈ ಚರ್ಚೆಯಿಂದ ಹೊರಗೇ ಉಳಿದರು.

2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರ ಮೇಲೆ ದಾಳಿ ನಡೆಯಿತು. ಅದನ್ನು ವಿರೋಧಿಸಿ ಫೇಸ್‌ಬುಕ್ಕಿನಲ್ಲಿ ಹುಟ್ಟಿದ ‘ಪಿಂಕ್ ಚಡ್ಡಿ’ ಅಭಿಯಾನ ಕೆಲವೇ ದಿನಗಳಲ್ಲಿ ಸಾವಿರಾರು ಜನರನ್ನು ಸೆಳೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ಜಾರಿಗೆ ಬಂತು. ‘ಕಿರಿಕಿರಿ’ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು ವಿಧಿಸಲು ಅವಕಾಶ ಕೊಟ್ಟ ಕಲಮು ಅದು. 2012ರ ನವೆಂಬರಿನಲ್ಲಿ ಶಿವಸೇನೆಯ ನಾಯಕ ಬಾಳ ಠಾಕ್ರೆಯವರ ನಿಧನದ ಬಳಿಕ ಮುಂಬಯಿ ಸ್ತಬ್ಧವಾದದ್ದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಗೆಳತಿ ಅದನ್ನು ಮೆಚ್ಚಿದಳು; ಪೊಲೀಸರು ಇಬ್ಬರನ್ನೂ ಬಂಧಿಸಿದರು. ಶ್ರೇಯಾ ಸಿಂಘಲ್ ಮೊಕದ್ದಮೆಯಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಈ ಕಲಮನ್ನು ರದ್ದುಪಡಿಸಿತು. ಅನೇಕ ಬರಹಗಳು ಇಲ್ಲಿಗೆ ಪೂರ್ಣವಿರಾಮ ಇಡುತ್ತವೆ. ಆದರೆ ರದ್ದಾದ ಮೇಲೂ ಪೊಲೀಸ್ ಠಾಣೆಗಳಲ್ಲಿ ಅದೇ ಕಲಮಿನಡಿ ಪ್ರಕರಣ ದಾಖಲಾಗುತ್ತಲೇ ಇದ್ದವು. 2021ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಆಘಾತ ವ್ಯಕ್ತಪಡಿಸಬೇಕಾಯಿತು.

ಜನರ ಮಾತನ್ನು ಸರಕಾರವೇ ಕೇಳಬೇಕೆಂಬ ಕ್ರಮ ಲಿಖಿತ ರೂಪಕ್ಕೆ ಬಂದದ್ದು 2014ರಲ್ಲಿ. ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆಂಬ ಶಾಸನಪೂರ್ವ ಸಮಾಲೋಚನಾ ನೀತಿಯನ್ನು ಆ ವರ್ಷದ ಆರಂಭದಲ್ಲಿ ಕೇಂದ್ರ ಒಪ್ಪಿಕೊಂಡಿತು. ಜುಲೈ 26ರಂದು ‘ಮೈಗವ್’ ಜಾಲತಾಣ ತೆರೆಯಿತು. ನೀತಿಗೆ ಕಾಯಿದೆಯ ಬಲವಿರಲಿಲ್ಲ, ಪಾಲನೆ ಇಲಾಖೆಗಳ ಮರ್ಜಿಗೆ ಬಿಟ್ಟದ್ದಾಯಿತು.

ಈ ಇತಿಹಾಸದ ನಿಜವಾದ ತಿರುವು 2015ರ ನೆಟ್ ನ್ಯೂಟ್ರಾಲಿಟಿ, ಅಂದರೆ ಸಂಪರ್ಕ ಕೊಡುವ ಕಂಪನಿ ಎಲ್ಲ ತಾಣಗಳನ್ನೂ ಸಮಾನವಾಗಿ ಕಾಣಬೇಕೆಂಬ ತತ್ವದ, ಚರ್ಚೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಆ ವರ್ಷದ ಮಾರ್ಚ್ 27ರಂದು ಈ ಕುರಿತು 20 ಪ್ರಶ್ನೆಗಳ ಸಮಾಲೋಚನಾ ಪತ್ರವೊಂದನ್ನು ಪ್ರಕಟಿಸಿತು. ನೂರಕ್ಕೂ ಹೆಚ್ಚು ಪುಟಗಳ ಈ ಪತ್ರದ ಭಾಷೆ ತಾಂತ್ರಿಕವಾಗಿತ್ತು. ಅಂಥ ಪತ್ರಗಳಿಗೆ ಅಲ್ಲಿಯವರೆಗೆ ಉತ್ತರಿಸುತ್ತಿದ್ದವರು ದೂರವಾಣಿ ಕಂಪನಿಗಳು ಮತ್ತು ಅವರ ವಕೀಲರು. ಸ್ವಯಂಸೇವಕರ ಗುಂಪೊಂದು ಅದನ್ನು ಸಂಕ್ಷೇಪಿಸಿ, ಪ್ರಶ್ನೆಗಳಿಗೆ ಮಾದರಿ ಉತ್ತರ ಬರೆದು, ‘ಸೇವ್ ದಿ ಇಂಟರ್‌ನೆಟ್’ ತಾಣದ ಮೂಲಕ ಜನ ನೇರವಾಗಿ ಟ್ರಾಯ್‌ಗೆ ಮಿಂಚಂಚೆ ಕಳಿಸುವಂತೆ ಮಾಡಿತು. ಹಾಸ್ಯ ತಂಡವೊಂದರ ವಿಡಿಯೊ ಹರಡಿದ ಮೇಲೆ ಪತ್ರಗಳ ಹೊಳೆ ಹರಿಯಿತು. ಏಪ್ರಿಲ್ 24ರ ಗಡುವಿನ ಹೊತ್ತಿಗೆ ಸಂಖ್ಯೆ ಹತ್ತು ಲಕ್ಷ ದಾಟಿತ್ತು. ಏಪ್ರಿಲ್ 27ರಂದು ಟ್ರಾಯ್ ಬಂದ ಪತ್ರಗಳನ್ನೆಲ್ಲ ಬರೆದವರ ಹೆಸರು, ಮಿಂಚಂಚೆ ವಿಳಾಸ ಸಹಿತ ತನ್ನ ತಾಣದಲ್ಲಿ ಹಾಕಿತು. ಪಾರದರ್ಶಕತೆಯ ಹೆಸರಿನಲ್ಲಿ ಹತ್ತು ಲಕ್ಷ ಜನರ ವಿಳಾಸ ಜಾಹೀರಾತುದಾರರ ಕೈಗೂ ವಂಚಕರ ಕೈಗೂ ಸುಲಭವಾಗಿ ಸಿಕ್ಕಿತು. ಈ ಪ್ರಸಂಗವನ್ನು ಗೆಲುವಿನ ಕತೆ ಹೇಳುವವರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಅದು ಅಷ್ಟು ಸಣ್ಣ ಸಂಗತಿಯಲ್ಲ: ಅಭಿಪ್ರಾಯ ಕೊಡುವ ನಾಗರಿಕನನ್ನು ಹೇಗೆ ಕಾಪಾಡಬೇಕೆಂಬ ವಿಚಾರವೇ ಆಗ ಆಡಳಿತದ ಮುಂದೆ ಇರಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಪ್ರತಿಕ್ರಿಯೆಗಳ ಲೆಕ್ಕದ ಪ್ರಶ್ನೆ ಎದ್ದಿತು. ಬೇರೆ ಬೇರೆ ತಾಣಗಳಿಗೆ ಬೇರೆ ಬೇರೆ ದರ ವಿಧಿಸಬಹುದೇ ಎಂದು ಟ್ರಾಯ್ ನಾಲ್ಕು ಪ್ರಶ್ನೆ ಕೇಳಿತ್ತು. ಫೇಸ್‌ಬುಕ್ ಕೆಲವೇ ತಾಣಗಳನ್ನು ಉಚಿತವಾಗಿ ನೋಡಲು ಬಿಡುವ ತನ್ನ ‘ಫ್ರೀ ಬೇಸಿಕ್ಸ್’ ಯೋಜನೆಯ ಪರವಾಗಿ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು, ಬಳಕೆದಾರರಿಂದ ಸಿದ್ಧ ಒಕ್ಕಣೆಯ ಬೆಂಬಲ ಪತ್ರ ಕಳಿಸಿಸಿತು. ಒಟ್ಟು ಬಂದ ಸುಮಾರು 24 ಲಕ್ಷ ಪ್ರತಿಕ್ರಿಯೆಗಳಲ್ಲಿ 18 ಲಕ್ಷಕ್ಕೂ ಹೆಚ್ಚು ಆ ಯೋಜನೆಯ ಪರವಾಗಿದ್ದವು. ಆದರೆ ಅವುಗಳಲ್ಲಿ ಕೇಳಿದ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಸಮಾಲೋಚನೆಯನ್ನು ಜನಮತ ಗಣನೆಯ ಮಟ್ಟಕ್ಕೆ ಇಳಿಸಬಾರದೆಂದು ಟ್ರಾಯ್ ಕಂಪನಿಗೆ ಪತ್ರ ಬರೆಯಿತು. 2016ರ ಫೆಬ್ರವರಿ 8ರ ನಿಯಮ ದರ ತಾರತಮ್ಯವನ್ನು ನಿಷೇಧಿಸಿತು. 2015ರ ಏಪ್ರಿಲ್‌ನ ಪತ್ರಗಳೂ ಬಹುಮಟ್ಟಿಗೆ ಮಾದರಿ ಒಕ್ಕಣೆಯವೇ ಅಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ವ್ಯತ್ಯಾಸವಿದ್ದದ್ದು ಒಕ್ಕಣೆಯಲ್ಲಿ: ಒಂದು ಮಾದರಿ ಕೇಳಿದ ಪ್ರಶ್ನೆಗೆ ಉತ್ತರಿಸಿತ್ತು, ಇನ್ನೊಂದು ಬೇರೆಯೇ ಪ್ರಶ್ನೆ ಹಾಕಿಕೊಂಡಿತ್ತು. ತಲೆ ಎಣಿಸುವ ಬದಲು ವಾದವನ್ನು ತೂಗಿದ ಸರಕಾರಿ ನಿರ್ಧಾರಗಳಲ್ಲಿ ಇದು ಮುಖ್ಯವಾದದ್ದು.

2016ರಲ್ಲಿ ಬೆಂಗಳೂರಿನಲ್ಲಿ ಲೆಕ್ಕ ಇನ್ನೊಂದು ಬಗೆಯಲ್ಲಿ ವಿವಾದವಾಯಿತು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮಿಂಚಂಚೆಯಲ್ಲಿ ಅಭಿಪ್ರಾಯ ಕೇಳಿತ್ತು. ಬಂದದ್ದು ಸುಮಾರು 300 ಪತ್ರ. ಅವುಗಳಲ್ಲಿ ಹೆಚ್ಚಿನವು ಯೋಜನೆಯ ಪರ ಎಂದು ಸರಕಾರ ಹೇಳಿತು. ಕೋಟಿ ದಾಟಿದ ಜನಸಂಖ್ಯೆಯ ನಗರದಲ್ಲಿ ಅಷ್ಟು ಪತ್ರಗಳನ್ನು ಜನಾಭಿಪ್ರಾಯವೆಂದು ಕರೆದದ್ದು ಜನರನ್ನು ಕೆರಳಿಸಿತು. ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬ ಹ್ಯಾಷ್‌ಟ್ಯಾಗ್ ಹಬ್ಬಿ, 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು. ಹಸಿರು ನ್ಯಾಯಮಂಡಳಿಯ ತಡೆಯೂ ಬಂದು, 2017ರ ಮಾರ್ಚಿನಲ್ಲಿ ಸರಕಾರ ಯೋಜನೆ ಕೈಬಿಟ್ಟಿತು. ಈ ಚರ್ಚೆ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದಿತ್ತು. ಕೆಲವೇ ತಿಂಗಳ ನಂತರದ ‘ನಮ್ಮ ಮೆಟ್ರೋ ಹಿಂದಿ ಬೇಡ’ ಕನ್ನಡದಲ್ಲಿ ನಡೆಯಿತು. 2017ರ ಜೂನಿನಲ್ಲಿ ಮೆಟ್ರೋ ನಿಲ್ದಾಣಗಳ ತ್ರಿಭಾಷಾ ಫಲಕಗಳ ವಿರುದ್ಧ ಶುರುವಾದ ಈ ಅಭಿಯಾನದ ಒತ್ತಡದಿಂದ ರಾಜ್ಯ ಸರಕಾರ ಕೇಂದ್ರಕ್ಕೆ ಪತ್ರ ಬರೆಯಿತು, ಹಿಂದಿ ಫಲಕಗಳು ತೆರವಾದವು. ಆನ್‌ಲೈನಿನಲ್ಲಿ ಕನ್ನಡದ ಚರ್ಚೆಯೊಂದು ಆಡಳಿತದ ನಿರ್ಧಾರವನ್ನು ಎದ್ದು ಕಾಣುವಂತೆ ಬದಲಿಸಿದ ಉದಾಹರಣೆಯಾಗಿ ಇದಕ್ಕೆ ಬರಹಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ಭಾಷೆಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದು 2020ರಲ್ಲಿ. ಪರಿಸರ ಪರಿಣಾಮ ಅಂದಾಜಿನ ಹೊಸ ಕರಡು ಅಧಿಸೂಚನೆ ಆ ಮಾರ್ಚಿನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಹೊರಬಂತು. ಗಣಿ, ಅಣೆಕಟ್ಟುಗಳ ಬದಿಯಲ್ಲಿ ಬದುಕುವವರಿಗೆ ತಮ್ಮ ಬದುಕಿನ ಕರಡನ್ನು ಓದಲು ಆಗದ ಸ್ಥಿತಿ ಅದು. ದೆಹಲಿ ಹೈಕೋರ್ಟ್ ಜೂನ್ 30ರಂದು ಗಡುವನ್ನು ಆಗಸ್ಟ್ 11ಕ್ಕೆ ಮುಂದೂಡಿ, ಎಂಟನೇ ಅನುಸೂಚಿಯ 22 ಭಾಷೆಗಳಿಗೆ ಅನುವಾದಿಸಲು ಹೇಳಿತು. ಅಂತಿಮ ಅಧಿಸೂಚನೆ ಹೊರಡಿಸದಂತೆ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. ಕೇಂದ್ರ ಅನುವಾದದ ಆದೇಶವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದು ವಿರೋಧಿಸಿತು. ಲಕ್ಷಾಂತರ ಆಕ್ಷೇಪಣೆ ಬಂದವು. ಪರಿಸರ ಸಚಿವಾಲಯಕ್ಕೆ ಮಿಂಚಂಚೆ ಕಳಿಸುವಂತೆ ಜನರಿಗೆ ಕರೆಕೊಟ್ಟ ಪರಿಸರ ಗುಂಪುಗಳ ತಾಣಗಳು ಆ ಹೊತ್ತಿನಲ್ಲಿ ಬಂದ್ ಆದವು. ಒಂದರ ಕುರಿತು ದೆಹಲಿ ಪೊಲೀಸರು ಕೊಟ್ಟ ನೋಟಿಸಿನಲ್ಲಿ ಭಯೋತ್ಪಾದನಾ ವಿರೋಧಿ ಕಾಯಿದೆಯ ಉಲ್ಲೇಖವಿತ್ತು. ಅದು ತಪ್ಪಿನಿಂದ ಆದದ್ದೆಂದು ಪೊಲೀಸರು ಆಮೇಲೆ ಹಿಂತೆಗೆದುಕೊಂಡರು.

ಆ ಬಳಿಕದ ವರ್ಷಗಳಲ್ಲಿ ಗಮನ ತಾಣಗಳ ನಿಯಂತ್ರಣದತ್ತ ಹೊರಳಿತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದವು. ಖಾತೆಗಳನ್ನು ತಡೆಹಿಡಿಯುವ ಕೇಂದ್ರದ ಆದೇಶಗಳನ್ನು ಪ್ರಶ್ನಿಸಿದ ಟ್ವಿಟರ್‌ನ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ವಜಾಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿತು. ಯಾರ ಖಾತೆ ಮುಚ್ಚಲಾಯಿತೋ ಅವರಿಗೆ ಕಾರಣ ತಿಳಿಸಬೇಕೆ ಎಂಬುದು ಆ ಮೊಕದ್ದಮೆಯ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು.

ಸಮಾಲೋಚನೆಯ ಕ್ರಮವೂ ಈ ಅವಧಿಯಲ್ಲಿ ಬದಲಾಯಿತು. ವೈಯಕ್ತಿಕ ದತ್ತಾಂಶ ರಕ್ಷಣೆಯ ಮಸೂದೆಯ ಕರಡನ್ನು 2022ರ ನವೆಂಬರಿನಲ್ಲಿ, ಅದರ ನಿಯಮಗಳ ಕರಡನ್ನು 2025ರ ಜನವರಿ 3ರಂದು ಕೇಂದ್ರ ಸಾರ್ವಜನಿಕರ ಮುಂದಿಟ್ಟು ಮೈಗವ್ ಮೂಲಕ ಅಭಿಪ್ರಾಯ ಕೇಳಿತು. ಬಂದ ಅಭಿಪ್ರಾಯಗಳನ್ನು ಗೋಪ್ಯವಾಗಿ ಇಡಲಾಗುವುದು, ಯಾರಿಗೂ ಬಹಿರಂಗಪಡಿಸುವುದಿಲ್ಲ ಎಂದು ಎರಡೂ ಸಲ ಮಾಹಿತಿ ತಂತ್ರಜ್ಞಾನ ಸಚಿವಾಲಯ ಮೊದಲೇ ಪ್ರಕಟಿಸಿತ್ತು. ಟ್ರಾಯ್ ಇಂದಿಗೂ ಅಭಿಪ್ರಾಯ, ಪ್ರತಿ-ಅಭಿಪ್ರಾಯಗಳನ್ನು ಪ್ರಕಟಿಸುವ ಪದ್ಧತಿ ಉಳಿಸಿಕೊಂಡಿದೆ. ಸಚಿವಾಲಯಗಳಿಗೆ ಅಂಥ ಕಟ್ಟುಪಾಡು ಯಾವ ಕಾಯಿದೆಯಲ್ಲೂ ಇಲ್ಲ.